ಹುಣಸೆ ಬೀಜದ ನಕ್ಷೆ

ಶ್ರೀರಂಗಪಟ್ಟಣ
೮-೩-೧೯೯೮, ಭಾನುವಾರ

ಪ್ರೀತಿಯ ಸಾವಿತ್ರಕ್ಕನಿಗೆ,

ಕೂಸಿನ ಕೆಮ್ಮು ಇಳಿದಿದೆ, ನೀನೂ ಎದ್ದು ಓಡಾಡುತ್ತಿದ್ದೀಯ ಎಂದು ದೇವರಾಜು ಭಾವ ಹೇಳಿದರು. ಹೋದ ವಾರ ಡೇರಿ ಕೆಲಸದ ಮೇಲೆ ಇಲ್ಲಿಗೆ ಬಂದಿದ್ದವರು ನನ್ನನ್ನೂ ನೋಡಿಕೊಂಡು ಹೋದರು. ಇಲ್ಲಿ ಎಲ್ಲಾ ಚೆನ್ನಾಗಿದೆ ಎಂದು ಅವರ ಕೈಲಿ ಹೇಳಿಕಳಿಸಿದೆ. ಚೆನ್ನಾಗಿಲ್ಲ. ಅವರ ಮುಂದೆ ಹೇಳಲು ಬಾಯಿ ಬರಲಿಲ್ಲ. ನೀನು ಸೇರಿದ ಮನೆಯವರ ಎದುರಿಗೆ ಹುಟ್ಟಿದ ಮನೆಯ ಮಾತು ಹೇಗೆ ತೆಗೆಯಲಿ?

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಚಿನ್ನುವನ್ನು ಊರಿನಿಂದ ಕರೆದುಕೊಂಡು ಹೋಗು. ಯುಗಾದಿಗೆ ಹೇಗೂ ಬರುತ್ತೇನಲ್ಲ ಅನ್ನಬೇಡ, ಈ ವಾರವೇ ಹೋಗು. ಎರಡನೇ ಬಾಣಂತನದಲ್ಲಿ ನೀನು ನೆಲ ಹಿಡಿದಾಗ ಅವ್ವ ಅವಳನ್ನು ಇಟ್ಟುಕೊಂಡದ್ದು, ಇಸ್ಕೂಲಿಗೆ ಸೇರಿಸುವ ತನಕ ಇಲ್ಲೇ ಇರಲಿ ಎಂದದ್ದು ಎಲ್ಲಾ ಪ್ರೀತಿಯಿಂದಲೇ. ಅವ್ವನ ಮಡಿಲಿನಲ್ಲಿ ಮಗುವಿಗೆ ಏನೂ ಕಡಿಮೆಯಾಗಿಲ್ಲ. ಕೆಡುಕು ಇರುವುದು ಅವಳು ಕುಡಿಯುವ ನೀರಿನಲ್ಲಿ. ನಮ್ಮ ಬೋರಿನ ನೀರಿನಲ್ಲಿ.

ಇಷ್ಟು ಓದಿ ನೀನು ಕಾಗದ ಮಡಿಸಿಡುತ್ತೀಯ ಎಂಬ ಭಯ ನನಗಿದೆ. ಪಮ್ಮಿಗೆ ಓದಿ ಓದಿ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀಯ. ಹಾಗಾಗದಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ಕೆಲಸ ಏನು ಎಂದು ನೀನು ಕೇಳಿದಾಗಲೆಲ್ಲ ಪುಸ್ತಕದ ಕೆಲಸ ಎಂದಷ್ಟೇ ಹೇಳಿದ್ದೇನೆ. ಇಲ್ಲಿ ಒಂದು ಸಂಸ್ಥೆಯವರು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಹೊಸ ಬಗೆಯ ವಿಜ್ಞಾನ ಪುಸ್ತಕ ಮಾಡುತ್ತಿದ್ದಾರೆ. ಪಾಠಗಳನ್ನು ಕೆಲವು ಶಾಲೆಗಳಲ್ಲಿ ಮಾಡಿಸಿ ನೋಡಿ, ಒಪ್ಪಿಗೆಯಾದರೆ ಅಚ್ಚು ಹಾಕಿಸುತ್ತಾರೆ. ವಿಜ್ಞಾನ ಬರೆಯುವವರು ಬೇರೆ. ಅವರು ಬರೆದದ್ದನ್ನು ಮಕ್ಕಳ ಬಾಯಿಗೆ ಹಿಡಿಯುವಂಥ ಕನ್ನಡಕ್ಕೆ ತರುವುದು ನನ್ನ ಪಾಲು. ನಮ್ಮೆಲ್ಲರ ಬರಹ ತಿದ್ದುವ ಹಿರಿಯರು ಸುಬ್ಬಣ್ಣ ಮೇಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ದೇವಸ್ಥಾನದ ಬೀದಿಯಲ್ಲಿ ಅವರ ಮನೆ, ಹಿಂದಿನ ಕೋಣೆಯಲ್ಲಿ ನಾನು.

ಹಲ್ಲಿನ ಪಾಠ ನನ್ನ ಕೈಗೆ ಬಂತು. ನಾನು ಅದರ ತಲೆಯ ಮೇಲೆ ಒಂದು ವಾಕ್ಯ ಕೂರಿಸಿದೆ: ದಿನವೂ ಹಲ್ಲು ಉಜ್ಜದವರ ಹಲ್ಲು ಹಳದಿಯಾಗುತ್ತದೆ. ಚಿಕ್ಕ ವಾಕ್ಯ, ಮಕ್ಕಳಿಗೆ ತಿಳಿಯುತ್ತದೆ. ನಾನೂ ನೀನೂ ಓದಿದ ಪುಸ್ತಕದಲ್ಲಿ ಇದ್ದದ್ದೇ. ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದು, ಈ ವಾಕ್ಯ ಓದಿದ ಮಗು ಆಮೇಲೆ ಯಾರ ಬಾಯಿಯನ್ನಾದರೂ ಯಾಕೆ ನೋಡಬೇಕು ಹೇಳಮ್ಮ, ನೋಡುವುದನ್ನೆಲ್ಲ ನೀನೇ ಮುಗಿಸಿಕೊಟ್ಟಿದ್ದೀಯಲ್ಲ ಎಂದರು. ಕೆಂಪು ಗೀಟು ಎಳೆದರು. ನಾನು ಎಂದಿನಂತೆ ಬಾಯಿಗೆ ಸೆರಗು ಹಿಡಿದು ನಿಂತಿದ್ದೆ. ಅವರು ನನ್ನ ಹಲ್ಲನ್ನು ಕುರಿತು ಒಂದು ದಿನವೂ ಏನೂ ಅಂದವರಲ್ಲ, ಆವತ್ತೂ ಅನ್ನಲಿಲ್ಲ.

ಮರಳಿ ಬರೆದ ಪಾಠದಲ್ಲಿ ಉತ್ತರ ಎಂಬುದೇ ಇರಲಿಲ್ಲ. ನಿನ್ನ ಮನೆಯವರ, ಬೀದಿಯವರ ಹಲ್ಲು ನೋಡು. ಬಣ್ಣ ನೋಡಿ ಗುಂಪು ಮಾಡು. ಯಾಕೆ ಹೀಗಿರಬಹುದು ಎಂದು ಊಹಿಸು. ನಿನ್ನ ಊಹೆ ಎಲ್ಲರಿಗೂ ಹೊಂದುತ್ತದೆಯೇ ನೋಡು. ಹೊಂದದವನು ಒಬ್ಬ ಸಿಕ್ಕಿದರೆ ಅವನನ್ನು ಬಿಡಬೇಡ, ಅವನನ್ನೇ ಹೆಚ್ಚು ವಿಚಾರಿಸು. ಕೊನೆಯದು ಮೇಷ್ಟ್ರ ಹಟ. ಅದನ್ನು ಮಕ್ಕಳ ಮಾತಿಗೆ ಇಳಿಸಲು ನನಗೆ ಬಹಳ ಕಷ್ಟವಾಯಿತು.

ಪಾಠ ಮಾಡಿಸಿ ನೋಡಲು ಆರಿಸಿದ ಶಾಲೆಗಳಲ್ಲಿ ನಮ್ಮೂರಿನದೂ ಒಂದು. ಅದಕ್ಕೆ ನಾನು ಕಾರಣಳಲ್ಲ. ಅಲ್ಲಿನ ಕೌಸಲ್ಯ ಮೇಡಂ ಈ ಶ್ರೀರಂಗಪಟ್ಟಣದವರು, ಮೇಷ್ಟ್ರ ಹಳೆಯ ಶಿಷ್ಯೆ, ನಾಗಮಂಗಲದಲ್ಲಿ ಮನೆ ಮಾಡಿಕೊಂಡು ನಮ್ಮೂರಿಗೆ ಓಡಾಡುತ್ತಾರೆ. ಜನವರಿಯಲ್ಲಿ ಮೇಷ್ಟ್ರ ಜೊತೆ ನಾನೂ ಹೋದೆ. ನಾವು ಓದಿದ ಅದೇ ಕೋಣೆ, ಅದೇ ಕಿಟಕಿ. ಹೋದ ವರ್ಷ ಇಲ್ಲೇ ಹಳೆಯ ಪುಸ್ತಕದ ಹಲ್ಲಿನ ಪಾಠ ಆಗಿತ್ತಂತೆ. ಉಜ್ಜದವರ ಹಲ್ಲು ಹಳದಿ ಎಂದು ಮಕ್ಕಳು ರಾಗವಾಗಿ ಹೇಳಿ, ಪರೀಕ್ಷೆಯಲ್ಲಿ ಬರೆದು, ಪೂರಾ ಅಂಕ ತೆಗೆದುಕೊಂಡಿದ್ದವಂತೆ. ಹಾಗೆ ಹೇಳಿದ ಬಾಯಿಗಳಲ್ಲೆಲ್ಲ ಕಂದು ಹಲ್ಲು. ವರ್ಷವಿಡೀ ಎದುರಿಗೆ ನಿಂತ ನನಗೇ ಅದು ಕಾಣಲಿಲ್ಲ ಎಂದು ಕೌಸಲ್ಯ ಮೇಡಂ ಆಮೇಲೆ ಹೇಳಿದರು.

ಈ ಸಲವೂ ಶುರುವಾದದ್ದು ಹಾಗೆಯೇ. ಯಾಕೆ ಹೀಗಿರಬಹುದು ಎಂದು ಕೇಳಿದರೆ ಮಕ್ಕಳೆಲ್ಲ ಒಂದೇ ದನಿಯಲ್ಲಿ ಉಜ್ಜದೆ ಇರುವುದಕ್ಕೆ ಅಂದವು. ಮೇಡಂ ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಹಾಗಾದರೆ ನೋಡಿ ಅಂದರು. ಆಗ ಕಣ್ಣಿಗೆ ಬಿದ್ದವನು ದಿಲೀಪ. ಸಂತೆಬಾಚಹಳ್ಳಿ ಕಡೆಯ ಅಜ್ಜಿ ಮನೆಯಲ್ಲಿ ಬೆಳೆದು ಹೋದ ಜೂನಿನಲ್ಲಿ ಊರಿಗೆ ಬಂದ ಹುಡುಗ. ಅವನ ಹಲ್ಲು ತೆಂಗಿನ ತಿರುಳಿನ ಹಾಗೆ. ನಿತ್ಯ ಉಜ್ಜುತ್ತೀಯೇನೋ ಎಂದರೆ, ನಾಚಿಕೆಯೇ ಇಲ್ಲದೆ, "ನಾನು ಉಜ್ಜಾಕಿಲ್ಲ ಮೇಡಂ. ಅಜ್ಜಿ ಊರಲ್ಲೂ ಉಜ್ತಿರ್ಲಿಲ್ಲ" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಗದವಳು ಒಬ್ಬಳೇ, ದ್ಯಾವಯ್ಯನ ಮಗಳು ಮಣಿ. ಕಂದು ಹಲ್ಲಿನವಳು, ನನ್ನ ಹಾಗೆ ಬಾಯಿಗೆ ಕೈ ಅಡ್ಡ ಇಡುವವಳು. ಅವಳು ಅವನನ್ನೇ ನೋಡುತ್ತ ಕೂತಿದ್ದು, ಆಮೇಲೆ ಎದ್ದು, "ಅಂಗಾದ್ರೆ ಉಜ್ಜಾದಲ್ಲ ಕಣ್ ಮೇಡಂ. ಇನ್ನೇನೋ ಅದೆ" ಅಂದಳು.

ಅಕ್ಕಾ, ನಾನು ಎಂ.ಎ. ಮುಗಿಸಿದವಳು. ಆ ಮಾತು ಇಷ್ಟು ವರ್ಷದಲ್ಲಿ ನನ್ನ ಬಾಯಲ್ಲಿ ಬಂದಿರಲಿಲ್ಲ.

ಮಕ್ಕಳು ಶಾಲೆಯ ಅಂಗಳದಲ್ಲಿ ಊರಿನ ನಕ್ಷೆ ಬರೆದರು. ರಂಗೋಲಿ ಪುಡಿಯಲ್ಲಿ ಬೀದಿಗಳು, ಕಲ್ಲು ಇಟ್ಟು ಮನೆಗಳು. ಬಿಳಿ ಹಲ್ಲಿನವರಿಗೆ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜ, ನಾವು ಚೌಕಾಬಾರಕ್ಕೆ ಕಲ್ಲಿನ ಮೇಲೆ ತೇಯುತ್ತಿದ್ದೆವಲ್ಲ ಹಾಗೆ. ಕಂದು ಹಲ್ಲಿನವರಿಗೆ ತೇಯದ ಬೀಜ. ಮನೆಮನೆಗೆ ಹೋಗಿ ಬಾಯಿ ನೋಡಿ ಬಂದು ಬೀಜ ಇಡುವುದು. ಊರಿನವರಿಗೆ ಮೊದಲು ಅದು ತಮಾಷೆಯೇ ಆಗಿತ್ತು. ಕುಳ್ಳಮ್ಮನ ಮನೆ ಬಾಗಿಲಲ್ಲಿ ನಾನೂ ಇದ್ದೆ. "ನನ್ ಸೊಸೆ ಅಲ್ ನೋಡಕ್ ಬಂದ್ರಾ? ನೋಡ್ರವ್ವ, ಚೆಂದಾಗ್ ನೋಡಿ. ಕೊಟ್ಟಿಗೆ ಬಾಚದೆ ಬಿದ್ದಿದ್ರೂವೆ ಅವ್ಳು ಅಲ್ ಉಜ್ಕಂಡೇ ನಿಂತಿರ್ತಾಳೆ" ಎಂದಳು. ಸೊಸೆ ಒಳಗಿಂದಲೇ ನಕ್ಕಳು. ಬೆಳ್ಳಗಿನ ನಗು.

ಗುಟ್ಟು ಬಿಚ್ಚಿಕೊಂಡದ್ದು ಆ ಸೊಸೆಯರಿಂದಲೇ. ಬೀದಿಯ ಪ್ರಕಾರ ನೋಡಿದರೆ ಬೀಜಗಳು ಕಲಸಿ ಹೋಗಿದ್ದವು, ಏನೂ ತಿಳಿಯುತ್ತಿರಲಿಲ್ಲ. ಮಣಿ ನಕ್ಷೆಯ ಸುತ್ತ ಕುಕ್ಕರುಗಾಲಿನಲ್ಲಿ ತೆವಳಿಕೊಂಡು ಒಂದೊಂದೇ ಬಿಳಿ ಬೀಜ ಮುಟ್ಟಿ, ಇದು ಯಾರು, ಇದು ಯಾರು ಎಂದು ಕೇಳುತ್ತಾ ಹೋದಳು. ಅತ್ತಿಗೆ, ಚಿಕ್ಕಮ್ಮ, ಮಾವನ ಹೆಂಡತಿ. ಬೇರೆ ಊರಿಂದ ಬಂದ ಸೊಸೆಯರದ್ದೆಲ್ಲ ಬಿಳಿ. ಈ ಊರಿನಲ್ಲೇ ಹುಟ್ಟಿದ ಹುಡುಗಿಯರದ್ದೆಲ್ಲ ಕಂದು. ಅವರ ಅಣ್ಣ ತಮ್ಮಂದಿರದ್ದೂ ಕಂದು. ಚಿಕ್ಕ ಕೂಸುಗಳನ್ನೂ ದಿಲೀಪನನ್ನೂ ಬಿಟ್ಟರೆ ಉಳಿದ ಬಿಳಿ ಬೀಜಗಳು ಮೂವತ್ತು ದಾಟಿದವರವು, ಇದೇ ಊರಿನಲ್ಲಿ ಹುಟ್ಟಿದವರವೂ ಸೇರಿ. ಅಂದರೆ ಊರಿನ ದೊಡ್ಡವರು ಚಿಕ್ಕವರಾಗಿದ್ದಾಗ ಇಲ್ಲದ ಒಂದು ಯಾವುದೋ ಆಮೇಲೆ ಬಂದಿದೆ. ಏನದು ಎಂದು ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದರು ಮೇಡಂ. ಮಾರನೆಯ ದಿನ ಮಕ್ಕಳು ಕರೆಂಟು ಅಂದವು, ಬಸ್ಸು, ಗೊಬ್ಬರ ಅಂದವು. ಮಣಿ ತನ್ನ ಅಜ್ಜಿಯನ್ನು ಕೇಳಿಕೊಂಡು ಬಂದು ಬೋರು ಅಂದಳು. ಬಸ್ಸು, ಕರೆಂಟು ಸೊಸೆಯರ ಊರಿನಲ್ಲೂ ಇದ್ದವಲ್ಲ, ಅದಕ್ಕೇ ಅವಲ್ಲ ಎಂದು ತಾನೇ ಸೇರಿಸಿದಳು.

ನಾನು ಹೊಂಗೆ ಮರದ ಕೆಳಗೆ ಕೂತಿದ್ದೆ. ನಕ್ಷೆಯಲ್ಲಿ ನಮ್ಮ ಮನೆಯ ಕಲ್ಲಿನ ಪಕ್ಕ ಮಕ್ಕಳು ಇಟ್ಟಿದ್ದ ಬೀಜಗಳು ಕಾಣುತ್ತಿದ್ದವು. ಅಪ್ಪ ಬಿಳಿ, ಅವ್ವ ಬಿಳಿ. ಮದುವೆಯಾಗಿ ಹೋದವರನ್ನೂ ಸೇರಿಸಿದ್ದರಿಂದ ನೀನೂ ಇದ್ದೆ, ಬಿಳಿ. ನಾನು ತೇಯದ ಬೀಜ. ಚಿನ್ನುವಿಗೂ ಒಂದು ಬಿಳಿ ಬೀಜ ಇಟ್ಟಿದ್ದವು.

ಅಕ್ಕನ ಹಲ್ಲು ನೋಡು ಎಂದು ನಾನು ಎಷ್ಟು ಸಲ ಕೇಳಿಲ್ಲ. ಸಾವಿತ್ರಿ ಉಜ್ಜಿದಳು, ಇವಳು ಮೈಗಳ್ಳಿ, ಉಜ್ಜಲಿಲ್ಲ. ಅವ್ವ ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಇದ್ದಿಲು ಹಾಕಿ ತಿಕ್ಕುತ್ತಿದ್ದಳು. ಉಪ್ಪು ಹಾಕಿ ತಿಕ್ಕಿದಳು. ಇಟ್ಟಿಗೆ ಪುಡಿಯಲ್ಲೂ ತಿಕ್ಕಿದ್ದಾಳೆ. ವಸಡಿನಿಂದ ರಕ್ತ ಬಂದು, ಆಮೇಲೆ ಅವಳೇ ಅಳುತ್ತಾ ಎಣ್ಣೆ ಸವರಿದ್ದು ನಿನಗೆ ನೆನಪಿರಬಹುದು. ನೀನೂ ನನ್ನನ್ನು ಹಿಡಿದುಕೊಂಡಿರುತ್ತಿದ್ದೆ. ನಿನ್ನ ಮೇಲೆ ದೂರಲ್ಲ ಅಕ್ಕ. ಆಗ ಎಲ್ಲರಿಗೂ ಉತ್ತರ ಮೊದಲೇ ಗೊತ್ತಿತ್ತು. ಪಾಂಡವಪುರದವರು ನನ್ನನ್ನು ನೋಡಿಕೊಂಡು ಹೋಗಿ, ಹುಡುಗಿ ಒಳ್ಳೆಯವಳೇ, ಆದರೆ ಶುಚಿ ಸಾಲದು ಎಂದು ಹೇಳಿಕಳಿಸಿದ ದಿನ ಅವ್ವ ಒಲೆಯ ಮುಂದೆ ಕೂತು ನನ್ನ ಕಡೆ ನೋಡಲಿಲ್ಲ. ಆ ಮಾತನ್ನು ನಾನೂ ನಂಬಿದೆ. ಶುಚಿ ಇಲ್ಲದವಳು ಎಂದುಕೊಂಡೇ ಕಾಲೇಜು ಮುಗಿಸಿದೆ.

ಬೋರು ಹಾಕಿಸಿದ ವರ್ಷ ನಿನಗೆ ಹತ್ತು ತುಂಬುತ್ತಿತ್ತು. ನಾನು ಅಂಬೆಗಾಲಿಡುತ್ತಿದ್ದೆ. ನಮ್ಮಿಬ್ಬರ ನಡುವೆ ಇರುವುದು ಅಷ್ಟೇ.

ಮೇಷ್ಟ್ರು ಬೋರಿನ ನೀರನ್ನು ಬಾಟಲಿಯಲ್ಲಿ ತುಂಬಿ ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದರು. ಫ್ಲೋರೈಡ್ ಎಂದು ಒಂದಿದೆ. ನೆಲದ ಆಳದ ಬಂಡೆಯಿಂದ ನೀರಿಗೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದಂತೆ, ನಮ್ಮ ಬೋರಿನದು ಐದು ದಾಟಿದೆ. ಹಲ್ಲು ವಸಡಿನೊಳಗೆ ಕಟ್ಟಿಕೊಳ್ಳುತ್ತಿರುವಾಗಲೇ ಅದು ಒಳಗೆ ಸೇರುತ್ತದೆ. ಹೊರಗೆ ಬಂದ ಮೇಲೆ ಏನು ತಿಕ್ಕಿದರೂ ಅಷ್ಟೇ. ಚಿನ್ನುವಿನ ಹಲ್ಲು ಬೆಳ್ಳಗಿದೆಯಲ್ಲ ಎಂದು ನೀನು ಹೇಳಬಹುದು. ಮಕ್ಕಳೂ ಹಾಗೇ ಬಿಳಿ ಬೀಜ ಇಟ್ಟವು. ಈಗ ಇರುವವು ಹಾಲುಹಲ್ಲು. ಬದುಕಿಡೀ ಇರಬೇಕಾದ ಹಲ್ಲುಗಳು ಒಳಗೆ ಈಗ, ಈ ತಿಂಗಳು, ಈ ವಾರ ಕಟ್ಟಿಕೊಳ್ಳುತ್ತಿವೆ. ಅದಕ್ಕೇ ಯುಗಾದಿಗೆ ಕಾಯಬೇಡ ಅಂದದ್ದು.

ಹಲ್ಲಿಗೇ ನಿಂತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಇಪ್ಪತ್ತು ವರ್ಷ ಕುಡಿದವರ ಮೂಳೆಗೂ ಅದು ಹೋಗುತ್ತದೆ ಎಂದರು ಮೇಷ್ಟ್ರು. ಅಪ್ಪನ ಕತ್ತು ನೀನು ದೀಪಾವಳಿಯಲ್ಲಿ ನೋಡಿದ್ದೀಯ. ಯಾರಾದರೂ ಕರೆದರೆ ಕತ್ತು ತಿರುಗಿಸುವುದಿಲ್ಲ, ಮೈ ಪೂರಾ ತಿರುಗಿಸುತ್ತಾನೆ. ಬೆನ್ನು ಬಾಗಿದೆ. ಅವ್ವ ವಾಯು ಎಂದು ಹರಳೆಣ್ಣೆ ಹಚ್ಚುತ್ತಾಳೆ. ಅದೇ ಕಾರಣ ಎಂದು ನೋಡದೆ ಹೇಳಲಾರೆ, ಇದ್ದರೂ ಇರಬಹುದು ಎಂದರು ಮೇಷ್ಟ್ರು. ನಾನು ಕೇಳಿದ್ದು ತಪ್ಪಾಯಿತು ಅನ್ನಿಸಿತು.

ಅಪ್ಪನಿಗೆ ಹೇಗೆ ಹೇಳುವುದು? ಆ ಬೋರು ಅಪ್ಪನಿಗೆ ಏನು ಎನ್ನುವುದು ನನಗಿಂತ ನಿನಗೆ ಹೆಚ್ಚು ಗೊತ್ತು. ಮಂಜುನಾಥನನ್ನು ನಾನು ನೋಡಿಲ್ಲ. ನೀನು ಎತ್ತಿ ಆಡಿಸಿದ ತಮ್ಮ, ನನಗೆ ಒಂದು ಫೋಟೋ ಕೂಡ ಇಲ್ಲದ ಅಣ್ಣ. ಬಾವಿಯ ನೀರು ಕುಡಿದು ಊರಿಗೆ ಊರೇ ವಾಂತಿಭೇದಿಯಲ್ಲಿ ಬಿದ್ದ ವರ್ಷ ಅಪ್ಪ ಅವನನ್ನು ಹೆಗಲ ಮೇಲೆ ಹಾಕಿಕೊಂಡು ನಾಗಮಂಗಲದ ಆಸ್ಪತ್ರೆಗೆ ನಡೆದದ್ದು, ಅದೇ ಹೆಗಲ ಮೇಲೆ ಅವನು ತಣ್ಣಗಾದದ್ದು ಎಲ್ಲಾ ನೀನು ಹೇಳಿಯೇ ನಾನು ಕೇಳಿದ್ದು. ಆಮೇಲೆ ಅಪ್ಪ ವರ್ಷವೆಲ್ಲ ತಾಲ್ಲೂಕು ಕಚೇರಿಗೆ ಅಲೆದು ಬೋರು ಹಾಕಿಸಿದ. ಬಾವಿಗೆ ಗಾಡಿಗಟ್ಟಲೆ ಮಣ್ಣು ಸುರಿಸಿ ಮುಚ್ಚಿಸಿದ. ಊರಿನಲ್ಲಿ ಮತ್ತೆ ಆ ರೋಗದಲ್ಲಿ ಮಗು ಸಾಯಲಿಲ್ಲ. ಅದೂ ಸುಳ್ಳಲ್ಲ. ಇವತ್ತಿಗೂ ಅದು ಅಪ್ಪನ ಹೆಸರಿನಲ್ಲೇ, ಶಿವಲಿಂಗಯ್ಯನ ಬೋರು. ಚಿನ್ನು ಅದಕ್ಕೆ ತಾತನ ನೀರು ಅನ್ನುತ್ತಾಳೆ. ಹ್ಯಾಂಡಲಿಗೆ ಜೋತುಬಿದ್ದು ಹೊಡೆಯುತ್ತಾಳೆ, ಅಪ್ಪ ಅವಳ ಕೈ ಮೇಲೆ ಕೈ ಇಟ್ಟು ಒತ್ತುತ್ತಾನೆ.

ನಾನು ಹೇಳುವ ಮೊದಲೇ ಊರಿಗೆ ಗೊತ್ತಾಯಿತು. ಮಕ್ಕಳು ಮನೆಗೆ ಹೋಗಿ ಕೊಡ ನೋಡಿ ಈ ನೀರು ಬೇಡ ಅಂದರೆ ಗೊತ್ತಾಗದೆ ಇರುತ್ತದೆಯೇ. ಹೋದ ಮಂಗಳವಾರ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಮೇಷ್ಟ್ರನ್ನೂ ನನ್ನನ್ನೂ ಕರೆಸಿದ್ದರು. ಶಾಲೆಯ ಸಮಿತಿಗೆ ಅಪ್ಪನೇ ಅಧ್ಯಕ್ಷ, ನಡುವೆ ಕುರ್ಚಿಯಲ್ಲಿ ಕೂತಿದ್ದ. ಮೇಷ್ಟ್ರು ನಿಧಾನವಾಗಿ ಎಲ್ಲಾ ಹೇಳಿದರು. ಬೋರು ಮುಚ್ಚಿ ಎಂದು ನಾನು ಹೇಳುತ್ತಿಲ್ಲ, ಕುಡಿಯುವುದಕ್ಕೆ ಮಾತ್ರ ಬೇರೆ ನೀರು ತರಿಸಿಕೊಡಿ ಎಂದು ಸರ್ಕಾರವನ್ನು ಕೇಳೋಣ, ನೀವೆಲ್ಲ ಜೊತೆಗೆ ಬಂದರೆ ಆಗುತ್ತದೆ ಎಂದರು. ಆಮೇಲೆ ದ್ಯಾವಯ್ಯ ಎದ್ದ.

"ಮಕ್ಳು ಬಾಯ್ ಬಾಯ್ ನೋಡ್ಕಂಡು ಬೀದಿ ಸುತ್ತಾದು ಪಾಠವಾ ಸಾ? ಈ ಊರ್ ನೀರಲ್ಲಿ ಇಂಗಿಂಗದೆ ಅಂತ ನಾಳೀಕೆ ಪಾಂಡುಪುರದೋರ್ಗೆ ಗೊತ್ತಾದ್ರೆ ನಮ್ ಎಣ್ಮಕ್ಳ ಯಾರ್ ಮಾಡ್ಕತರೆ? ಈಗ ಉಜ್ಜಿಲ್ಲ ಅಂತವ್ರೆ. ಆಮೇಲೆ ಊರೇ ಕೆಟ್ಟದ್ದು ಅಂತರೆ."

ಅಕ್ಕಾ, ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜಗಲಿಯ ತುಂಬ ತಲೆಗಳು ಹೌದು ಎಂದು ಆಡಿದವು. ಅವನ ದೊಡ್ಡ ಮಗಳಿಗೆ ಗಂಡು ನೋಡುತ್ತಿದ್ದಾರೆ. ಮಣಿ ಬಾಗಿಲ ಹಿಂದೆ ನಿಂತು ತನ್ನ ಅಪ್ಪನ ಬೆನ್ನು ನೋಡುತ್ತಿದ್ದಳು.

ಆಗ ನಮ್ಮಪ್ಪ ಕುರ್ಚಿಯಲ್ಲೇ ಮೈ ತಿರುಗಿಸಿ ಹೆಂಗಸರ ಕಡೆ ನೋಡಿದ. ನಾನು ಕಂಬದ ಪಕ್ಕ ಬಾಯಿ ಮುಚ್ಚಿಕೊಂಡು ಕೂತಿದ್ದೆ. "ಪಮ್ಮಿ, ನೀನ್ ಓದಿರೋಳು. ಮೇಷ್ಟ್ರು ಯೋಳಾದು ದಿಟವಾ?" ಎಂದು ಕೇಳಿದ.

ಇಡೀ ಊರು ನನ್ನನ್ನು ನೋಡಿತು. ನಾನು ಕೈ ತೆಗೆದೆ. ದಿಟ ಕಣಪ್ಪ ಅಂದೆ. ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದ. ನಾನು ಹುಟ್ಟಿದಾಗಿನಿಂದ ಅಲ್ಲಿ ಇದ್ದದ್ದನ್ನು ಆಗ ಕಂಡವನ ಹಾಗೆ. ಎಷ್ಟು ಹೊತ್ತು ನೋಡಿದನೋ. ಆಮೇಲೆ ಮತ್ತೆ ಮೈ ತಿರುಗಿಸಿ ಸಭೆಗೆ ಹೇಳಿದ: "ದಿಟವಾದ್ರೂ ಆಗ್ಲಿ, ಈ ಪಾಠ ಇಲ್ಲಿಗ್ ಸಾಕು. ಬಾವಿ ಮುಚ್ಸಿರೋನು ನಾನು. ಇಷ್ಟ್ ಜನಕ್ಕೆ ಇನ್ನೆಲ್ಲಿಂದ ನೀರ್ ತರ್ಲಿ?"

ಅಷ್ಟೇ. ಮೇಷ್ಟ್ರು ಚೀಲ ಎತ್ತಿಕೊಂಡರು. ಅಂಗಳದ ನಕ್ಷೆಯನ್ನು ಯಾರೋ ಪರಕೆ ತಂದು ಗುಡಿಸಿದರು. ಬೀಜಗಳೆಲ್ಲ ಕಸದ ಜೊತೆ ಗುಡ್ಡೆಯಾದವು. ಮಾರನೆಯ ದಿನದಿಂದ ಕೌಸಲ್ಯ ಮೇಡಂಗೆ ಹಳೆಯ ಪುಸ್ತಕ. ಮಣಿಯನ್ನು ಶಾಲೆಗೆ ಕಳಿಸುತ್ತಿಲ್ಲವಂತೆ. ಓದಿದ್ದು ಸಾಕು, ಅಕ್ಕನ ಮದುವೆ ಆಗುವ ತನಕ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿರಲಿ ಎಂದು ದ್ಯಾವಯ್ಯ ಹೇಳಿದನಂತೆ. ಆಮೇಲೆ ಓದಿಸುತ್ತಾನೆ ಎಂದು ಮೇಡಂ ನಂಬಿಲ್ಲ. ನಾನೂ ನಂಬಿಲ್ಲ.

ಇಲ್ಲಿ ಸಂಸ್ಥೆಯ ದೊಡ್ಡವರು ಶುಕ್ರವಾರ ಸೇರಿದ್ದರು. ಹೀಗೆ ಊರೂರಲ್ಲಿ ಗಲಾಟೆಯಾದರೆ ಪುಸ್ತಕವೇ ಹೊರಗೆ ಬರುವುದಿಲ್ಲ, ಹಲ್ಲಿನ ಪಾಠವನ್ನು ಮೊದಲಿನ ಹಾಗೆ ಮಾಡಿಬಿಡಿ ಎಂದಾಯಿತು. ಮೇಷ್ಟ್ರು ಸಂಜೆಯವರೆಗೆ ವಾದ ಮಾಡಿ ಸೋತು ಬಂದು, ಊಟ ಮಾಡದೆ ಮಲಗಿದರು. ಅವರು ಕೆಂಪು ಗೀಟು ಎಳೆದ ನನ್ನ ವಾಕ್ಯ ಈಗ ಮತ್ತೆ ಬೇಕಾಗಿದೆ. ನಾಳೆ ಒಳಗೆ ಬರೆದುಕೊಡಬೇಕು. ಹಾಳೆ ಮೇಜಿನ ಮೇಲಿದೆ. ನಾನು ಅದನ್ನು ಬಿಟ್ಟು ನಿನಗೆ ಬರೆಯುತ್ತಾ ಕೂತಿದ್ದೇನೆ.

ಮಣಿಗೆ ನಾನು ಏನೂ ಮಾಡಲಾಗಲಿಲ್ಲ. ಊರಿಗೂ ಆಗಲಿಲ್ಲ. ಚಿನ್ನುವಿಗೆ ಆಗುತ್ತದೆ. ಅವಳು ನಿನ್ನ ಮಗಳು, ನೀನು ಕೇಳಿದರೆ ಕೊಡುವುದಿಲ್ಲ ಎನ್ನುವವರು ಯಾರೂ ಇಲ್ಲ. ನಿಮ್ಮ ಪೇಟೆಯಲ್ಲಿ ನಲ್ಲಿಗೆ ಹೊಳೆ ನೀರು ಬರುತ್ತದೆ. ಅವ್ವ ಅಳುತ್ತಾಳೆ, ನಾನು ಸಾಕಿದ್ದು ಸಾಲದೇ ಹೋಯ್ತಾ ಅನ್ನುತ್ತಾಳೆ. ಅಳಲಿ. ನೀರಿನ ಮಾತು ಅವಳ ಕಿವಿಗೂ ಬಿದ್ದಿರುತ್ತದೆ, ಆದರೂ ನೀನಾಗಿ ಅವಳ ಹತ್ತಿರ ಎತ್ತಬೇಡ. ನನ್ನ ಹಲ್ಲನ್ನು ಅಷ್ಟು ತಿಕ್ಕಿದವಳಿಗೆ ಈಗ ಅದನ್ನು ಹೇಳುವ ಧೈರ್ಯ ನನಗಿಲ್ಲ. ಅಪ್ಪನಿಗೆ ಮಾತ್ರ ಏನೂ ಕಾರಣ ಹೇಳಬೇಡ. ಅವನಿಗೆ ತಿಳಿಯುತ್ತದೆ. ಸಭೆ ಮುಗಿದ ಮೇಲೆ ಅವನು ನನ್ನನ್ನು ಮಾತಾಡಿಸಲಿಲ್ಲ. ಬಸ್ಸಿನ ತನಕವೂ ಬರಲಿಲ್ಲ. ಇನ್ನು ನನ್ನ ಮುಖ ನೋಡುತ್ತಾನೋ ಇಲ್ಲವೋ.

ಉತ್ತರ ಬರೆಯುತ್ತಾ ಕೂರಬೇಡ, ಹೋಗಿ ಅವಳನ್ನು ಕರೆದುಕೊಂಡು ಬಾ.

ನೀನು ಎತ್ತಿ ಬೆಳೆಸಿದ
ಪಮ್ಮಿ

ಇದರ ಕೆಳಗಿನದು ಮಂಗಳವಾರ ಬರೆಯುತ್ತಿದ್ದೇನೆ. ಈ ಕಾಗದ ಅಂಚೆಗೆ ಹಾಕಲಿಲ್ಲ. ನಿನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಅಪ್ಪ ಕೂತಿದ್ದ, ತೊಡೆಯ ಮೇಲೆ ಚಿನ್ನು ನಿದ್ದೆ ಹೋಗಿತ್ತು. ನಾಗಮಂಗಲದಿಂದ ಮೊದಲ ಬಸ್ಸಿಗೆ ಬಂದಿದ್ದಾನೆ. ಅಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನಿಂದ ನಡೆದನಂತೆ. ಆ ಕತ್ತಿನಲ್ಲಿ. ಒಳಗೆ ಬಾ ಎಂದರೆ ಬರಲಿಲ್ಲ. "ಇವ್ಳ ಸಾವಿತ್ರಿ ತಾವ ಬುಟ್ಬುಡು. ಮಗು ತಾಯ್ನ ನೆನೀತದೆ ಅಂತ ಅವ್ವಂಗೆ ಯೋಳಿವ್ನಿ" ಅಂದ. ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟೆ. ಕೈಯಲ್ಲಿ ಹಿಡಿದು ನೋಡಿ, ಕುಡಿಯದೆ ಜಗಲಿಯ ಮೇಲಿಟ್ಟ. ಮಿಕ್ಕ ಮಕ್ಕಳು ಅಪ್ಪ, ಮಣಿ, ಅವರೆಲ್ಲ ಎಂದು ಕೇಳಿದೆ. "ಊರಲ್ಲಿರೋ ಮಕ್ಳಿಗೆಲ್ಲ ಪ್ಯಾಟೆಲಿ ಒಬ್ಬೊಬ್ಬಳು ತಾಯಿ ಅವ್ಳೇನವ್ವ?" ಅಂದ. ಎದ್ದು ಹೋದ. ಬೀದಿ ಕೊನೆಯಲ್ಲಿ ನಿಂತು ಮೈ ಪೂರಾ ತಿರುಗಿಸಿ ಒಂದು ಸಲ ನೋಡಿದ.

ನಾಳೆ ಬೆಳಗಿನ ಬಸ್ಸಿಗೆ ಚಿನ್ನುವನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ, ಈ ಕಾಗದವನ್ನೂ ಕೈಯಲ್ಲೇ ತರುತ್ತೇನೆ. ಭಾವ ಆಚೆ ಹೋಗಿರುವಾಗ ಓದು. ನೀನು ಓದುವಷ್ಟು ಹೊತ್ತು ನಾನು ಕೂಸನ್ನು ಎತ್ತಿಕೊಂಡಿರುತ್ತೇನೆ.

ದಾರಿಗೆಂದು ಅವ್ವ ಒಂದು ಕ್ಯಾನಿನಲ್ಲಿ ನೀರು ತುಂಬಿ ಕಳಿಸಿದ್ದಳು, ಅರ್ಧ ಉಳಿದಿತ್ತು. ಬಚ್ಚಲಿಗೆ ಸುರಿದೆ. ನಿನ್ನೆಯಿಂದ ಚಿನ್ನು ಇಲ್ಲಿನ ನಲ್ಲಿ ನೀರನ್ನು ಬಾಯಿಗಿಟ್ಟರೆ ಉಗುಳುತ್ತಿದೆ. ಕಾವೇರಿ ನೀರು ಕಣೇ, ಕುಡಿ ಎಂದರೆ ಬಾಗಿಲ ಕಡೆ ತೋರಿಸಿ ಅಳುತ್ತದೆ. "ಇದು ಬ್ಯಾಡ," ಅನ್ನುತ್ತದೆ. "ತಾತನ ನೀರು ಕೊಡು."